ಫೋನಿನ ಹಸಿರು ಬಣ್ಣವೂ ಬಾವಿಯ ಗಾಳಿಯೂ: ಬಾರ್ನೆಟ್ ಸೀಮೆಯ ಕನ್ನಡಿಗರಿಗೊಂದು ಬಹಿರಂಗ ಪತ್ರ

ಆತ್ಮೀಯರೇ,

ಟೆಕ್ಸಸ್‌ನ ಫೋರ್ಟ್ ವರ್ತ್, ಆರ್ಲಿಂಗ್ಟನ್, ಮ್ಯಾನ್ಸ್‌ಫೀಲ್ಡ್, ಡೆಂಟನ್, ಫ್ಲವರ್ ಮೌಂಡ್ ಸುತ್ತಮುತ್ತ ಮನೆ ಮಾಡಿಕೊಂಡಿರುವ ಕನ್ನಡಿಗರಿಗೆ ಈ ಪತ್ರ. ಫ್ರಿಸ್ಕೊ, ಪ್ಲೇನೊ ಕಡೆಯವರಿಗೆ ಗ್ಯಾಸ್ ಬಾವಿಗಳು ಅಷ್ಟು ಹತ್ತಿರವಿಲ್ಲ. ಮನೆ ಬದಲಿಸುವ ಯೋಚನೆಯಿದ್ದರೆ ಅವರೂ ಓದಲಿ. ಬಡಾವಣೆಯ ಹಿಂಬದಿಯಲ್ಲೋ ಶಾಲೆಯ ಮೈದಾನದ ಆಚೆಗೋ ಎತ್ತರದ ಗೋಡೆ, ಅದರೊಳಗೆ ಸಾಲಾಗಿ ನಿಂತ ಟ್ಯಾಂಕುಗಳು ನಿಮಗೆ ಕಂಡಿರುತ್ತವೆ. ಬಾರ್ನೆಟ್ ಶೇಲ್ ಕಲ್ಲಿನಿಂದ ಅನಿಲ ತೆಗೆಯುವ ಬಾವಿಗಳ ಅಂಗಳ ಅದು. ಶೇಲ್ ಗ್ಯಾಸ್ ಉದ್ಯಮ ಕಾಲೂರಿದ್ದೇ ಈ ನೆಲದಲ್ಲಿ, 1990ರ ದಶಕದ ಕೊನೆಯಲ್ಲಿ, ಮಿಚೆಲ್ ಎನರ್ಜಿ ಕಂಪನಿ ನೀರಿನ ಒತ್ತಡದಿಂದ ಕಲ್ಲು ಸೀಳುವ ಅಗ್ಗದ ವಿಧಾನವನ್ನು ಇಲ್ಲಿ ಪಳಗಿಸಿದಾಗ. ಉತ್ಪಾದನೆ 2011–12ರ ಸುಮಾರಿಗೆ ತುದಿ ಮುಟ್ಟಿ ಈಗ ಇಳಿದಿದೆ. ಆದರೂ ಸಾವಿರಾರು ಬಾವಿಗಳು ಇನ್ನೂ ನಡೆಯುತ್ತಿವೆ, ಹಳೆಯ ಅಂಗಳಗಳಲ್ಲೇ ಹೊಸ ಬಾವಿ ಕೊರೆಯುವುದೂ ನಿಂತಿಲ್ಲ.

ಹಲವರು ಕೇಳುವ ಪ್ರಶ್ನೆ ಒಂದೇ: ಫೋನಿನಲ್ಲಿ ಎಕ್ಯೂಐ (ಗಾಳಿಯ ಗುಣಮಟ್ಟದ ಸೂಚ್ಯಂಕ) ಹಸಿರಾಗಿದೆ, ಹಾಗಾದರೆ ಗಾಳಿ ಚೆನ್ನಾಗಿದೆ ತಾನೆ? ಆ ಅಂಕಿ ನಿಮಗೆ ಹೇಳುತ್ತಿರುವುದು ಮುಖ್ಯವಾಗಿ ಸೂಕ್ಷ್ಮ ಧೂಳು ಮತ್ತು ಓಝೋನ್ ಬಗ್ಗೆ, ಅದೂ ಹಲವು ಮೈಲಿ ದೂರದ ಕೇಂದ್ರವೊಂದರ ಲೆಕ್ಕದಲ್ಲಿ. ಕ್ಯಾನ್ಸರ್ ತರಬಲ್ಲ ಬೆಂಜೀನ್ ಎಕ್ಯೂಐ ಸೂತ್ರದಲ್ಲೇ ಇಲ್ಲ. ಫಾರ್ಮಾಲ್ಡಿಹೈಡ್ ಇಲ್ಲ, ಮೀಥೇನ್ ಇಲ್ಲ, ಹೈಡ್ರೋಜನ್ ಸಲ್ಫೈಡ್ ಇಲ್ಲ. ಬಾವಿಯಿಂದ ಏನು ಬರುತ್ತದೋ ಅದನ್ನು, ಬರುವ ಹೊತ್ತಿನಲ್ಲಿ, ಬರುವ ದಿಕ್ಕಿನಲ್ಲಿ ಅಳೆಯಬೇಕು. ಹಾಗೆ ಅಳೆಯದೆ ‘ಏನೂ ಸಿಗಲಿಲ್ಲ’ ಎಂದು ಬರೆದುಕೊಟ್ಟ ವರದಿ ಎಷ್ಟೇ ದಪ್ಪವಿದ್ದರೂ ನಿಮ್ಮ ಅಡುಗೆಮನೆಯ ಕಿಟಕಿಯ ಬಗ್ಗೆ ಅದಕ್ಕೆ ಏನೂ ಗೊತ್ತಿರುವುದಿಲ್ಲ.

ಏನು ಬರುತ್ತದೆ ಎಂಬುದು ಬಾವಿಯ ವಯಸ್ಸನ್ನು ಅವಲಂಬಿಸಿದೆ. ಕೊರೆಯುವಾಗ ಡೀಸೆಲ್ ಎಂಜಿನ್ನುಗಳ ಹೊಗೆ. ಎಣ್ಣೆ ಬೆರೆಸಿದ ಕೊರೆತದ ಕೆಸರು ಬಳಸಿದರೆ ಅದರ ಆವಿಯೂ ಸೇರುತ್ತದೆ. ಕಲ್ಲು ಸೀಳುವ ದಿನಗಳಲ್ಲಿ ಸಾಲು ಪಂಪುಗಳ ಹೊಗೆಯ ಜೊತೆ ಮರಳಿನ ಧೂಳು. ಒಳಗೆ ಕಳಿಸಿದ ನೀರು ಅನಿಲದೊಡನೆ ಮರಳಿ ಮೇಲೆ ಬರುವ ಹಂತದಲ್ಲಿ ಹೈಡ್ರೋಕಾರ್ಬನ್‌ಗಳು ಹೆಚ್ಚು. ಕೊಲೊರಾಡೊದ ಗಾರ್ಫೀಲ್ಡ್ ಕೌಂಟಿಯ ಬಗ್ಗೆ 2012ರಲ್ಲಿ ಪ್ರಕಟವಾದ ಅಧ್ಯಯನ ಬಾವಿಯಿಂದ ಅರ್ಧ ಮೈಲಿಯೊಳಗಿನವರಿಗೆ ಅಪಾಯ ಹೆಚ್ಚು ಎಂದದ್ದು ಬಹುಪಾಲು ಈ ಹಂತವನ್ನು ಲೆಕ್ಕ ಹಾಕಿ. ಇವೆಲ್ಲ ಕೆಲವು ವಾರಗಳ ಮಾತು. ಆಮೇಲಿನ ಹತ್ತಿಪ್ಪತ್ತು ವರ್ಷ ಗದ್ದಲವಿಲ್ಲದ ಉತ್ಪಾದನೆ, ಅಲ್ಲಿ ನೋಡಬೇಕಾದದ್ದು ಬೇರೆ. ಟ್ಯಾಂಕಿನ ನೆತ್ತಿಯ ಮೇಲಿನ ಮುಚ್ಚಳ ಸರಿಯಾಗಿ ಕೂರದೆ ಕಂಡೆನ್ಸೇಟ್ (ಅನಿಲದೊಡನೆ ಬರುವ ಹಗುರ ಎಣ್ಣೆ) ಆವಿ ಹೊರಬರುವುದು. ಅನಿಲದ ತೇವ ತೆಗೆಯುವ ಗ್ಲೈಕಾಲ್ ಘಟಕ. ಗ್ಲೈಕಾಲ್ ನೀರಿನ ಜೊತೆಗೆ ಬೆಂಜೀನ್, ಟೊಲುಯೀನ್‌ಗಳನ್ನೂ ಹೀರಿಕೊಂಡು, ಕಾಯಿಸಿದಾಗ ಮೇಲಿನ ಕೊಳವೆಯಿಂದ ಬಿಟ್ಟುಕೊಡುತ್ತದೆ. ಅನಿಲದ ಒತ್ತಡದಿಂದಲೇ ನಡೆಯುವ ವಾಲ್ವುಗಳು. ಅವು ಹೊರಗೆ ಸ್ವಲ್ಪ ಸ್ವಲ್ಪ ಉಗುಳುವಂತೆಯೇ ತಯಾರಾಗಿರುತ್ತವೆ, ಅದು ಕೆಟ್ಟು ಸೋರುವುದಲ್ಲ. ಕಂಪ್ರೆಸರ್ ಸ್ಟೇಷನ್ ಇದ್ದರೆ ಅದರ ಅನಿಲ ಎಂಜಿನ್ನುಗಳಿಂದ ನೈಟ್ರೋಜನ್ ಆಕ್ಸೈಡುಗಳು ಮತ್ತು ಫಾರ್ಮಾಲ್ಡಿಹೈಡ್.

ಪೆನ್ಸಿಲ್ವೇನಿಯಾದ ಗೆಳೆಯರ ವರದಿ ಓದಿ ಇಲ್ಲಿಗೆ ಅನ್ವಯಿಸಬೇಡಿ. ಅಲ್ಲಿನ ಮಾರ್ಸೆಲಸ್ ಶೇಲ್‌ನ ಈಶಾನ್ಯ ಭಾಗದ ಅನಿಲ ‘ಒಣ’ ಅನಿಲ, ಬಹುತೇಕ ಬರಿಯ ಮೀಥೇನ್. ಅಲ್ಲಿ ಎಂಜಿನ್ ಹೊಗೆಯದೇ ದೊಡ್ಡ ಚಿಂತೆ. ಬಾರ್ನೆಟ್‌ನೊಳಗೇ ಪೂರ್ವಕ್ಕೆ ಹೋದಷ್ಟೂ ಅನಿಲ ಒಣಗುತ್ತದೆ, ವಾಯವ್ಯಕ್ಕೆ ಹೋದಷ್ಟೂ ಕಂಡೆನ್ಸೇಟ್ ಹೆಚ್ಚು. ಹಾಗಾಗಿ ವೈಸ್ ಕೌಂಟಿಯ ಟ್ಯಾಂಕಿಗೂ ಆರ್ಲಿಂಗ್ಟನ್ನಿನ ಟ್ಯಾಂಕಿಗೂ ಒಂದೇ ಲೆಕ್ಕ ಹಾಕಬಾರದು.

ಮೂಗನ್ನು ನಂಬಬೇಡಿ. ಮನೆಯ ಗ್ಯಾಸಿಗೆ ಇರುವ ಕೆಟ್ಟ ವಾಸನೆ ಸೋರಿಕೆ ತಿಳಿಯಲೆಂದು ಆಮೇಲೆ ಬೆರೆಸಿದ ಮರ್ಕ್ಯಾಪ್ಟನ್‌ನದು. ಬಾವಿಯಿಂದ ಬರುವ ಕಚ್ಚಾ ಅನಿಲಕ್ಕೆ ಅದಿರುವುದಿಲ್ಲ. ಬೆಂಜೀನ್ ಮೂಗಿಗೆ ಗೊತ್ತಾಗಬೇಕಾದರೆ ಗಾಳಿಯಲ್ಲಿ ಸುಮಾರು 1,500 ಪಿಪಿಬಿ ಇರಬೇಕು. ಪಿಪಿಬಿ ಎಂದರೆ ನೂರು ಕೋಟಿ ಪಾಲು ಗಾಳಿಯಲ್ಲಿ ಒಂದು ಪಾಲು. ಆರೋಗ್ಯದ ಮಿತಿಗಳೆಲ್ಲ ಇದಕ್ಕಿಂತ ಎಷ್ಟೋ ಕೆಳಗಿವೆ. ವಾಸನೆ ಬಂದರೆ ಬರೆದಿಟ್ಟುಕೊಳ್ಳಿ, ಬಾರದಿದ್ದರೆ ಅದರಿಂದ ಏನನ್ನೂ ತೀರ್ಮಾನಿಸಬೇಡಿ.

ಇನ್ನು ಮಿತಿಗಳು. ಟೆಕ್ಸಸ್‌ನ ಪರಿಸರ ಇಲಾಖೆ ಟಿಸಿಇಕ್ಯು, ಬೆಂಜೀನ್‌ಗೆ ಅಲ್ಪಾವಧಿಗೆ 180 ಪಿಪಿಬಿ, ದೀರ್ಘಾವಧಿಗೆ 1.4 ಪಿಪಿಬಿ ಎಂಬ ಹೋಲಿಕೆ ಮಟ್ಟಗಳನ್ನು ಇಟ್ಟುಕೊಂಡಿದೆ. ಕ್ಯಾಲಿಫೋರ್ನಿಯಾ 2014ರಿಂದ ಒಂದು ಗಂಟೆಯ ಒಡ್ಡಿಕೆಗೆ ಇಟ್ಟಿರುವ ಮಟ್ಟ ಘನ ಮೀಟರಿಗೆ 27 ಮೈಕ್ರೋಗ್ರಾಂ, ಅಂದರೆ ಸುಮಾರು 8 ಪಿಪಿಬಿ. ಒಂದೇ ರಾಸಾಯನಿಕ, ಒಂದೇ ದೇಶ, ಇಪ್ಪತ್ತು ಪಟ್ಟಿಗಿಂತ ಹೆಚ್ಚು ಅಂತರ. ನಮ್ಮ ಭಾರತದ ವಾರ್ಷಿಕ ಮಾನದಂಡ 5 ಮೈಕ್ರೋಗ್ರಾಂ, 1.6 ಪಿಪಿಬಿಯ ಸುಮಾರು. ಟೆಕ್ಸಸ್‌ನ ದೀರ್ಘಾವಧಿ ಮಟ್ಟಕ್ಕೆ ಹತ್ತಿರ. ಬೆಂಜೀನ್‌ಗೆ ಒಂದು ಪಿಪಿಬಿ ಎಂದರೆ ಸುಮಾರು 3.2 ಮೈಕ್ರೋಗ್ರಾಂ ಎಂದು ನೆನಪಿಟ್ಟುಕೊಂಡರೆ ಯಾವ ವರದಿಯನ್ನೂ ಇನ್ನೊಂದರ ಪಕ್ಕ ಇಟ್ಟು ನೋಡಬಹುದು. ‘ಮಿತಿಯೊಳಗಿದೆ’ ಎಂದು ಯಾರಾದರೂ ಹೇಳಿದರೆ ಯಾವ ಮಿತಿ, ಎಷ್ಟು ಹೊತ್ತಿನ ಮಿತಿ ಎಂದು ಕೇಳಿ.

ಎಷ್ಟು ಹೊತ್ತಿನ ಮಿತಿ ಎಂಬುದರಲ್ಲೇ ಅರ್ಧ ಮೋಸ ಅಡಗಿದೆ. ಬಾವಿಯ ಹೊರಸೂಸುವಿಕೆ ಒಂದೇ ಸಮನೆ ಇರುವುದಿಲ್ಲ. ಕೊಳವೆಯ ಒತ್ತಡ ಇಳಿಸಲು ಅನಿಲ ಹೊರಬಿಟ್ಟಾಗ, ಬಾವಿಯಲ್ಲಿ ನಿಂತ ದ್ರವ ತೆಗೆದಾಗ, ಟ್ಯಾಂಕಿಗೆ ಲಾರಿ ಹಚ್ಚಿದಾಗ ಏಕಾಏಕಿ ಏರಿ, ಆಮೇಲೆ ಇಳಿದುಬಿಡುತ್ತದೆ. ಒಂದು ಲೆಕ್ಕ ಮಾಡಿ ನೋಡಿ. ಹದಿನಾಲ್ಕು ದಿನವೆಂದರೆ 336 ಗಂಟೆ. ಅದರಲ್ಲಿ ಒಂದು ಗಂಟೆ ಬೆಂಜೀನ್ 200 ಪಿಪಿಬಿ ಇತ್ತು, ಉಳಿದ 335 ಗಂಟೆ 0.2 ಇತ್ತು ಎಂದಿಟ್ಟುಕೊಳ್ಳಿ. ಆ ಒಂದು ಗಂಟೆ ಟೆಕ್ಸಸ್‌ನ ಸಡಿಲ ಮಟ್ಟವನ್ನೂ ಮೀರಿದೆ. ಆದರೆ ಎರಡು ವಾರದ ಸರಾಸರಿ 0.8, ದೀರ್ಘಾವಧಿ ಮಟ್ಟದೊಳಗೆ ಅಚ್ಚುಕಟ್ಟಾಗಿ ಕೂರುತ್ತದೆ. ಅದೇ ದಿನ 24 ಗಂಟೆಯ ಕ್ಯಾನಿಸ್ಟರ್ (ಗಾಳಿಯ ಮಾದರಿ ತುಂಬಿಕೊಳ್ಳುವ ಪಾತ್ರೆ) ಇಟ್ಟಿದ್ದರೆ 8.5 ಬರುತ್ತಿತ್ತು. ಆರು ದಿನಕ್ಕೊಮ್ಮೆ ಮಾದರಿ ತೆಗೆಯುವ ವಾಡಿಕೆಯಲ್ಲಾದರೆ ಆ ದಿನವೇ ಸಿಗುವ ಸಾಧ್ಯತೆ ಆರರಲ್ಲಿ ಒಂದು.

ತೈಲ ಶುದ್ಧೀಕರಣಾಗಾರಗಳ ಬೇಲಿಯ ಸುತ್ತ 2015ರ ಕೇಂದ್ರ ನಿಯಮದಂತೆ ಎರಡು ವಾರ ಗಾಳಿಯಿಂದ ಬೆಂಜೀನ್ ಹೀರಿಕೊಳ್ಳುವ ಕೊಳವೆಗಳನ್ನು ಕಟ್ಟುತ್ತಾರೆ. ವಾರ್ಷಿಕ ಲೆಕ್ಕದಲ್ಲಿ 9 ಮೈಕ್ರೋಗ್ರಾಂ ದಾಟಿದರೆ ಕ್ರಮ ಕೈಗೊಳ್ಳಬೇಕು. ದಿನವಿಡೀ ನಡೆಯುವ ದೊಡ್ಡ ಕಾರ್ಖಾನೆಗೆ ಆ ವಿಧಾನ ಸರಿ, ಅಗ್ಗವೂ ಹೌದು. ಬಾವಿಯ ಅಂಗಳಕ್ಕೆ ಅದೊಂದನ್ನೇ ನೆಚ್ಚಿಕೊಂಡರೆ ಮೇಲಿನ ಲೆಕ್ಕದ ಗತಿಯೇ. ಗಂಟೆಗೊಂದು ಅಂಕಿ ಕೊಡುವ ಸ್ವಯಂಚಾಲಿತ ಗ್ಯಾಸ್ ಕ್ರೊಮ್ಯಾಟೊಗ್ರಾಫ್‌ಗಳನ್ನು ಟಿಸಿಇಕ್ಯು 2010ರಲ್ಲಿ ಡಿಶ್ ಎಂಬ ಊರು ಮತ್ತು ಈಗಲ್ ಮೌಂಟನ್ ಲೇಕ್ ಬಳಿ ಶುರುಮಾಡಿ ಆಮೇಲೆ ಹೆಚ್ಚಿಸಿತು. ಒಳ್ಳೆಯ ಯಂತ್ರಗಳು. ನಲವತ್ತಕ್ಕೂ ಹೆಚ್ಚು ಸಂಯುಕ್ತಗಳನ್ನು ಬಿಡಿಸಿ ತೋರಿಸುತ್ತವೆ, ಅಂಕಿಗಳು ಇಲಾಖೆಯ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತವೆ. ಆದರೆ ನಿಮ್ಮ ಮನೆ ಅವುಗಳಿಂದ ಹತ್ತು ಮೈಲಿ ಆಚೆಗಿದ್ದರೆ ಅವು ನಿಮ್ಮ ಪಾಲಿಗೆ ಹಿನ್ನೆಲೆ ಮಟ್ಟ ತಿಳಿಸುವ ಸಾಧನವಷ್ಟೆ. ಫೋರ್ಟ್ ವರ್ತ್ ನಗರ ತಾನೇ ಮಾಡಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನ 388 ಜಾಗಗಳಿಗೆ ಹೋಗಿ ಸೋರಿಕೆ ನೋಡಿತು, ಸುತ್ತಲ ಗಾಳಿಯನ್ನು 8 ಕಡೆ ಅಳೆಯಿತು. ಇಂದಿಗೂ ಓದಬೇಕಾದ ವರದಿ ಅದು, ಆದರೆ ಆ ಹೊತ್ತಿನ ಚಿತ್ರ.

ಹಾಗಾದರೆ ನೀವು ಏನು ಮಾಡಬಹುದು? ಬಡಾವಣೆಯ ಹತ್ತು ಮನೆಯವರು ಸೇರಿದರೆ ಕ್ಯಾನಿಸ್ಟರ್ ಖರ್ಚು ಯಾರಿಗೂ ಹೊರೆಯಾಗದು. ಆರು ಲೀಟರಿನ ಸ್ಟೀಲ್ ಗೋಳ, ಒಳಗೆ ನಿರ್ವಾತ. ಲ್ಯಾಬಿನವರೇ ತೊಳೆದು, ಹರಿವು ನಿಯಂತ್ರಕ ಜೋಡಿಸಿ ಕಳಿಸುತ್ತಾರೆ. ಅಲ್ಪ ಹೊತ್ತಿನ ಏರಿಕೆ ಹಿಡಿಯಬೇಕಿದ್ದರೆ 24 ಗಂಟೆಯ ನಿಯಂತ್ರಕ ಬೇಡ, ಒಂದು ಗಂಟೆಯದನ್ನು ಕೇಳಿ. ಐದು ಲೀಟರ್ ತುಂಬಲು ಮೊದಲನೆಯದು ನಿಮಿಷಕ್ಕೆ 3.5 ಮಿಲಿಲೀಟರ್ ಎಳೆಯುತ್ತದೆ, ಎರಡನೆಯದು ಸುಮಾರು 83. ತೆರೆಯುವ ಮೊದಲು ಗೇಜು ಪಾದರಸದ 28ರಿಂದ 30 ಇಂಚು ನಿರ್ವಾತ ತೋರಿಸಬೇಕು. ಕಡಿಮೆಯಿದ್ದರೆ ದಾರಿಯಲ್ಲೇ ಸೋರಿದೆ, ಬಳಸದೆ ವಾಪಸ್ ಮಾಡಿ. ಮುಚ್ಚುವಾಗ 3ರಿಂದ 7 ಇಂಚು ಉಳಿದಿರಬೇಕು. ಸೊನ್ನೆಗೆ ಬಂದಿದ್ದರೆ ಅದು ಯಾವಾಗಲೋ ತುಂಬಿ ನಿಂತಿದೆ, ಯಾವ ನಿಮಿಷಗಳ ಗಾಳಿ ಎಂದು ಹೇಳಲಾಗದು. ಮುಳ್ಳು ಅಲುಗಾಡಿಯೇ ಇಲ್ಲವೆಂದರೆ ವಾಲ್ವ್ ತೆರೆದಿಲ್ಲ ಅಥವಾ ಫಿಲ್ಟರ್ ಕಟ್ಟಿಕೊಂಡಿದೆ. ಎರಡೂ ಅಂಕಿಗಳನ್ನು ಸಮಯದ ಸಮೇತ ಲ್ಯಾಬಿನ ಹಾಳೆಯಲ್ಲಿ ಬರೆಯಿರಿ.

ಗಾಳಿ ಎಳೆಯುವ ಬಾಯಿ ನೆಲದಿಂದ ಒಂದೂವರೆಯಿಂದ ಎರಡು ಮೀಟರ್ ಎತ್ತರದಲ್ಲಿರಲಿ, ನಾವು ಉಸಿರಾಡುವ ಮಟ್ಟದಲ್ಲಿ. ಗ್ಯಾರೇಜ್, ಡ್ರೈಯರ್ ಕಿಂಡಿ, ಬಾರ್ಬೆಕ್ಯೂ, ಹುಲ್ಲು ಕತ್ತರಿಸುವ ಯಂತ್ರ ಇವುಗಳಿಂದ ದೂರವಿರಲಿ. ಗ್ಯಾರೇಜಿನ ಪೆಟ್ರೋಲ್ ಡಬ್ಬಿಯ ಬೆಂಜೀನನ್ನು ಬಾವಿಯ ತಲೆಗೆ ಕಟ್ಟಿದರೆ ಮುಂದೆ ನೀವು ತರುವ ಯಾವ ಅಂಕಿಯನ್ನೂ ಕಂಪನಿಯ ವಕೀಲರು ನಂಬಗೊಡುವುದಿಲ್ಲ. ಪೆಟ್ರೋಲ್ ಹಾಕಿಸಿಕೊಂಡು ನೇರ ಬಂದು ಕ್ಯಾನಿಸ್ಟರ್ ಮುಟ್ಟಬೇಡಿ. ಹತ್ತಿರದಲ್ಲಿ ಪರ್ಮನೆಂಟ್ ಮಾರ್ಕರ್ ಬಿಚ್ಚಬೇಡಿ, ಅದರಲ್ಲೂ ದ್ರಾವಕವಿದೆ. ಒಂದೇ ಹೊತ್ತಿನಲ್ಲಿ ಎರಡು ಇಡಿ: ಬಾವಿಯ ಕಡೆಯಿಂದ ಗಾಳಿ ಬೀಸುವ ಜಾಗದಲ್ಲಿ ಒಂದು, ಬಾವಿಗಿಂತ ಹಿಂದೆ, ಗಾಳಿ ಬರುವ ದಿಕ್ಕಿನಲ್ಲಿ ಇನ್ನೊಂದು. ವ್ಯತ್ಯಾಸವೇ ನಿಮ್ಮ ಸಾಕ್ಷಿ.

ಲ್ಯಾಬಿಗೆ ಹೇಳಬೇಕಾದ ಒಂದು ಮಾತನ್ನು ಬಹಳ ಜನ ಹೇಳುವುದಿಲ್ಲ. ಟಿಓ-15 ಎಂಬ ಮಾಮೂಲು ಪರೀಕ್ಷಾ ವಿಧಾನದ ಪಟ್ಟಿಯಲ್ಲಿ ದ್ರಾವಕಗಳೇ ಜಾಸ್ತಿ. ಬೆಂಜೀನ್ ಇದೆ, ಆದರೆ ಈಥೇನ್, ಪ್ರೊಪೇನ್, ಬ್ಯೂಟೇನ್, ಪೆಂಟೇನ್‌ಗಳು ಸಾಮಾನ್ಯವಾಗಿ ಇರುವುದಿಲ್ಲ. ಅನಿಲ ಬಾವಿಯ ಗುರುತು ಇರುವುದೇ ಅವುಗಳಲ್ಲಿ. ಆದ್ದರಿಂದ 57 ಸಂಯುಕ್ತಗಳ ‘ಪ್ಯಾಮ್ಸ್’ ಪಟ್ಟಿಯನ್ನೂ ಸೇರಿಸಿ ಎಂದು ಮೊದಲೇ ಬರೆದುಕೊಡಿ. ಬೆಂಜೀನ್‌ಗೆ ವರದಿ ಮಿತಿ (ಲ್ಯಾಬ್ ಅಂಕಿ ಕೊಡುವ ಅತಿ ಕಡಿಮೆ ಮಟ್ಟ) 0.1 ಪಿಪಿಬಿ ಅಥವಾ ಅದಕ್ಕಿಂತ ಕೆಳಗಿರಲಿ; 0.5 ಮಿತಿಯಿಟ್ಟು ‘ಪತ್ತೆಯಾಗಿಲ್ಲ’ ಎಂದರೆ ಅದು 0.4 ಇದ್ದಿರಬಹುದು. ಫಾರ್ಮಾಲ್ಡಿಹೈಡ್ ಕ್ಯಾನಿಸ್ಟರಿನಲ್ಲಿ ಸರಿಯಾಗಿ ಸಿಗದು. ಅದಕ್ಕೆ ಡಿಎನ್‌ಪಿಎಚ್ ಎಂಬ ರಾಸಾಯನಿಕ ಲೇಪಿಸಿದ ಕಾರ್ಟ್ರಿಜ್, ಸಣ್ಣ ಪಂಪ್, ಮುಂದೆ ಓಝೋನ್ ತಡೆಯುವ ಪೊಟ್ಯಾಸಿಯಂ ಅಯೊಡೈಡ್ ಕೊಳವೆ ಬೇಕು. ಮಾದರಿಯನ್ನು ಐಸ್ ಪೆಟ್ಟಿಗೆಯಲ್ಲಿ ಕಳಿಸಬೇಕು. ಕಂಪ್ರೆಸರ್ ಸ್ಟೇಷನ್ ಪಕ್ಕದವರು ಇದನ್ನು ಬಿಡಬಾರದು, ಉಳಿದವರಿಗೆ ಅಷ್ಟು ಅಗತ್ಯವಿಲ್ಲ.

ಕ್ಯಾನಿಸ್ಟರ್ ಯಾವಾಗ ತೆರೆಯಬೇಕು? ಈ ಪ್ರಾಂತ್ಯದಲ್ಲಿ ಹೆಚ್ಚಾಗಿ ದಕ್ಷಿಣದಿಂದ ಗಾಳಿ, ಆದ್ದರಿಂದ ಅಂಗಳದ ಉತ್ತರಕ್ಕಿರುವ ಮನೆಗಳಿಗೆ ಪಾಲು ಜಾಸ್ತಿ. ಆದರೆ ಅತಿ ಹೆಚ್ಚಿನ ಮಟ್ಟ ಸಾಮಾನ್ಯವಾಗಿ ಸಿಗುವುದು ಗಾಳಿ ಸತ್ತ, ಮೋಡವಿಲ್ಲದ ರಾತ್ರಿಗಳ ಕೊನೆಗೆ, ಸೂರ್ಯ ಹುಟ್ಟುವ ಮುನ್ನ. ನೆಲದ ಬಳಿಯ ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಪದರ ಕೂತು, ರಾತ್ರಿಯಿಡೀ ಸೋರಿದ್ದು ಅಲ್ಲೇ ಉಳಿಯುತ್ತದೆ. ಊರಿನಿಂದ ಬಂದ ಅಪ್ಪ ಅಮ್ಮ ಬೆಳಗಿನ ಐದೂವರೆಗೆ ವಾಕಿಂಗ್ ಹೊರಡುವುದು ಸರಿಯಾಗಿ ಆ ಹೊತ್ತಿಗೇ. ಅಂಗಳದ ಗೋಡೆಯ ಪಕ್ಕದ ದಾರಿ ಬಿಟ್ಟು ಬೇರೆ ದಾರಿ ಹಿಡಿಯಲಿ, ಇಲ್ಲವೇ ಬಿಸಿಲೇರಿದ ಮೇಲೆ ಹೋಗಲಿ. ಮಧ್ಯಾಹ್ನ ಎರಡು ಗಂಟೆಗೆ ಬಂದು ಅಳೆದುಕೊಂಡು ಹೋಗುವ ಇನ್‌ಸ್ಪೆಕ್ಟರ್‌ಗೆ ಈ ಗಾಳಿ ಸಿಗುವುದೇ ಇಲ್ಲ.

ಗಾಳಿಯ ದಿಕ್ಕಿಗೆ ಹಿತ್ತಲಲ್ಲೊಂದು ಹವಾಮಾನ ಮಾಪಕ ಇಡಿ, ಬೇಲಿ ಮತ್ತು ಛಾವಣಿಗಿಂತ ಎತ್ತರದ ಕಂಬದ ಮೇಲೆ. ಅದು ತೋರಿಸುವುದು ಗಾಳಿ ಎಲ್ಲಿಂದ ಬರುತ್ತಿದೆ ಎಂದು, ಎಲ್ಲಿಗೆ ಹೋಗುತ್ತಿದೆ ಎಂದಲ್ಲ. ಇದನ್ನು ತಿರುಗುಮುರುಗು ಮಾಡಿ ಪಕ್ಕದ ಪೆಟ್ರೋಲ್ ಬಂಕಿನ ಮಾಲಿನ್ಯವನ್ನು ಬಾವಿಗೆ ಹೊರಿಸಿದ ವರದಿಗಳು ಬೇಕಾದಷ್ಟಿವೆ. ವೇಗ ಸೆಕೆಂಡಿಗೆ ಒಂದು ಮೀಟರಿಗಿಂತ ಕಡಿಮೆಯಿದ್ದಾಗ ದಿಕ್ಕಿನ ಅಂಕಿಯನ್ನು ಬಿಟ್ಟುಬಿಡಿ.

ಅಗ್ಗದ ಸೆನ್ಸರ್‌ಗಳ ಬಗ್ಗೆ ಎರಡು ಮಾತು. ‘ಟಿವಿಒಸಿ’ (ಗಾಳಿಯಲ್ಲಿನ ಒಟ್ಟು ಸಾವಯವ ಆವಿ) ಎಂದು ಅಂಕಿ ತೋರಿಸುವ ಪೆಟ್ಟಿಗೆಗಳಿಗೆ ಒಗ್ಗರಣೆ, ಸ್ಯಾನಿಟೈಸರ್, ಬೆಂಜೀನ್ ಎಲ್ಲವೂ ಒಂದೇ. ತೇವ ಏರಿದರೂ ಅಂಕಿ ಏರುತ್ತದೆ. 10.6 ಎಲೆಕ್ಟ್ರಾನ್ ವೋಲ್ಟ್ ದೀಪದ ಪಿಐಡಿ ಮಾಪಕ (ಅತಿನೇರಳೆ ಬೆಳಕಿನಿಂದ ಆವಿ ಗುರುತಿಸುವ ಸಾಧನ) ಅದಕ್ಕಿಂತ ವಾಸಿ, ಆದರೆ ಮೀಥೇನ್, ಈಥೇನ್, ಪ್ರೊಪೇನ್ ಮೂರೂ ಅದರ ಕಣ್ಣಿಗೆ ಬೀಳವು. ಅದನ್ನು ಅಂಕಿಗಾಗಿ ಬಳಸದೆ ಎಚ್ಚರಿಕೆ ಗಂಟೆಯಾಗಿ ಬಳಸಿ: ಏರಿದೊಡನೆ ಕ್ಯಾನಿಸ್ಟರ್ ತೆರೆಯುವುದು. ಕೊಲೊರಾಡೊದಲ್ಲಿ ಈ ಜೋಡಿಯನ್ನು ಯಂತ್ರವೇ ಮಾಡುವಂತೆ ಅಳವಡಿಸಿದ್ದಾರೆ. ಪರ್ಪಲ್‌ಏರ್‌ನಂಥ ಧೂಳು ಮಾಪಕಕ್ಕೆ ಕೇಂದ್ರದ ಪರಿಸರ ಸಂಸ್ಥೆ ಇಪಿಎ ಕೊಟ್ಟ ತಿದ್ದುಪಡಿ ಹೀಗಿದೆ: ಅದರ ಅಂಕಿಯನ್ನು 0.524ರಿಂದ ಗುಣಿಸಿ, ಶೇಕಡಾ ತೇವಾಂಶವನ್ನು 0.0862ರಿಂದ ಗುಣಿಸಿ ಕಳೆದು, 5.75 ಕೂಡಿಸಿ. ಅಂಕಿ 30, ತೇವಾಂಶ 80 ಇದ್ದರೆ ನಿಜವಾದದ್ದು 14.6ರ ಆಸುಪಾಸು. ಡೀಸೆಲ್ ಹೊಗೆಗೆ ಇದು ನಡೆದೀತು. ಕಲ್ಲು ಸೀಳುವಾಗಿನ ಮರಳು ಧೂಳಿನ ದಪ್ಪ ಕಣಗಳನ್ನು ಈ ಮಾಪಕ ಸರಿಯಾಗಿ ಹಿಡಿಯುವುದಿಲ್ಲ. ಆ ಸಿಲಿಕಾ ಧೂಳಿನ ಬಗ್ಗೆ ಅಮೆರಿಕದ ಕಾರ್ಮಿಕ ಸುರಕ್ಷಾ ಸಂಸ್ಥೆಗಳು 2012ರಲ್ಲೇ ಎಚ್ಚರಿಕೆ ಹೊರಡಿಸಿದವು. ಅದು ಅಂಗಳದೊಳಗಿನ ಕೆಲಸಗಾರರ ಉಸಿರಾಟದ ಮಟ್ಟದಲ್ಲಿ ಅಳೆದದ್ದು, ಮನೆಗಳಲ್ಲಿ ಅಲ್ಲ.

ಲ್ಯಾಬಿನ ವರದಿ ಕೈಗೆ ಬಂದ ಮೇಲೆ ಬೆಂಜೀನ್ ಅಂಕಿಯೊಂದನ್ನೇ ಹಿಡಿದು ಓಡಬೇಡಿ. ಅದು ಹೈವೇಯದ್ದೂ ಇರಬಹುದು. ಐಸೊ-ಪೆಂಟೇನನ್ನು ನಾರ್ಮಲ್ ಪೆಂಟೇನ್‌ನಿಂದ ಭಾಗಿಸಿ. ಪೆಟ್ರೋಲ್ ವಾಹನಗಳ ಗಾಳಿಯಲ್ಲಿ ಈ ಅನುಪಾತ ಎರಡನ್ನು ದಾಟುತ್ತದೆ. ಕೊಲೊರಾಡೊದ ತೈಲ–ಅನಿಲ ಪ್ರದೇಶದ ಅಳತೆಗಳಲ್ಲಿ ಒಂದಕ್ಕಿಂತ ಕಡಿಮೆ ಸಿಕ್ಕಿದೆ. ನಿಮ್ಮ ಸೀಮೆಯ ಅನುಪಾತ ಬೇರೆಯಿರಬಹುದು, ಅದಕ್ಕೇ ಗಾಳಿಯ ಹಿಂದಿನ ಕ್ಯಾನಿಸ್ಟರ್ ಬೇಕೆಂದದ್ದು. ಅಸಿಟಿಲೀನ್ ಹೆಚ್ಚಿದ್ದರೆ ಎಂಜಿನ್ ದಹನದ ಕಡೆ ಬೆರಳು ತೋರಿಸಿ. ಮೀಥೇನ್ ಹಿನ್ನೆಲೆ ಮಟ್ಟವಾದ ಸುಮಾರು 1.9 ಪಿಪಿಎಂಗಿಂತ (ಹತ್ತು ಲಕ್ಷ ಪಾಲಿನಲ್ಲಿ ಇಷ್ಟು ಪಾಲು) ಏರಿ, ಜೊತೆಗೆ ಈಥೇನೂ ಏರಿದ್ದರೆ ಮೂಲ ಪಳೆಯುಳಿಕೆ ಅನಿಲ. ಈಥೇನ್ ಇಲ್ಲದೆ ಮೀಥೇನ್ ಮಾತ್ರ ಏರಿದ್ದರೆ ದನದ ದೊಡ್ಡಿಯೋ ಕಸದ ಗುಡ್ಡೆಯೋ ಇರಬೇಕು.

ಇನ್‌ಫ್ರಾರೆಡ್ ಕ್ಯಾಮೆರಾದ ವಿಡಿಯೋಗಳು ವಾಟ್ಸ್ಆ್ಯಪ್‌ನಲ್ಲಿ ಸುತ್ತುತ್ತಿರುತ್ತವೆ, ಟ್ಯಾಂಕಿನ ಮೇಲೆ ಕಪ್ಪು ಹೊಗೆ ಏಳುವಂಥವು. 3.2ರಿಂದ 3.4 ಮೈಕ್ರಾನ್ ಅಲೆಯಲ್ಲಿ ಹೈಡ್ರೋಕಾರ್ಬನ್ ಹೀರುವಿಕೆಯನ್ನು ತೋರಿಸುವ ಈ ಕ್ಯಾಮೆರಾ ಸೋರುವ ಜಾಗವನ್ನು ಖಚಿತವಾಗಿ ಹೇಳುತ್ತದೆ. ಯಾವ ಅನಿಲ, ಎಷ್ಟು, ನಿಮ್ಮ ಮನೆಗೆ ಬಂತೇ, ಇದ್ಯಾವುದನ್ನೂ ಹೇಳುವುದಿಲ್ಲ. ಅನಿಲಕ್ಕೂ ಹಿನ್ನೆಲೆಗೂ ಉಷ್ಣತೆಯ ವ್ಯತ್ಯಾಸವಿಲ್ಲದಿದ್ದರೆ ದೊಡ್ಡ ಸೋರಿಕೆಯೂ ಕಾಣದು; ಬರಿಯ ಹಬೆ ಸೋರಿಕೆಯಂತೆ ಕಂಡೀತು. ದೂರು ಕೊಡಲು ಸಾಕು, ಆರೋಗ್ಯದ ಮಾತಾಡಲು ಸಾಲದು.

ಕೆಲವೇ ಜಾಗಗಳು ಹೊರಸೂಸುವಿಕೆಯ ಬಹುಪಾಲನ್ನು ಕೊಡುತ್ತವೆ ಎಂಬುದು ಇಲ್ಲೇ, 2013ರ ಅಕ್ಟೋಬರಿನಲ್ಲಿ ವಿಮಾನ, ವಾಹನ, ನೆಲದ ಉಪಕರಣ ಎಲ್ಲ ಒಟ್ಟಿಗೆ ಬಳಸಿ ಬಾರ್ನೆಟ್‌ನಲ್ಲಿ ನಡೆದ ಅಳತೆಗಳಿಂದ ಗಟ್ಟಿಯಾಯಿತು. 2018ರ ರಾಷ್ಟ್ರೀಯ ಅಂದಾಜು ಮೀಥೇನ್ ಸೋರಿಕೆಯನ್ನು ಉತ್ಪಾದನೆಯ ಶೇ. 2.3 ಎಂದಿತು, ಇಪಿಎ ಲೆಕ್ಕಕ್ಕಿಂತ ಶೇ. 60ರಷ್ಟು ಹೆಚ್ಚು. ಇದು ಟೆಕ್ಸಸ್‌ನವರ ತಲೆನೋವು ಮಾತ್ರ ಎನ್ನಲಾಗದು: 2018ರ ಮಾರ್ಚಿನಿಂದ ಗೇಲ್ ಸಂಸ್ಥೆ ಅಮೆರಿಕದ ಸಬೀನ್ ಪಾಸ್‌ನಿಂದ ದ್ರವ ಅನಿಲವನ್ನು ದಾಭೋಲ್‌ಗೆ ತರಿಸುತ್ತಿದೆ, ದಾಭೋಲ್–ಬೆಂಗಳೂರು ಕೊಳವೆಯ ಇನ್ನೊಂದು ತುದಿ ನಿಮ್ಮ ಅಕ್ಕತಂಗಿಯರ ಅಡುಗೆಮನೆಯಲ್ಲಿದೆ.

ಕೊನೆಗೆ ಕಚೇರಿಗಳು. ಬಾವಿಗೆ ಅನುಮತಿ ಕೊಡುವುದು ರೈಲ್‌ರೋಡ್ ಕಮಿಷನ್ (ರೈಲಿನ ಉಸಾಬರಿ ಅದಕ್ಕೆ ಈಗ ಇಲ್ಲ), ಗಾಳಿಯ ದೂರು ನೋಡುವುದು ಟಿಸಿಇಕ್ಯು. ಒಬ್ಬರಿಗೆ ಬರೆಯಬೇಕಾದ್ದನ್ನು ಇನ್ನೊಬ್ಬರಿಗೆ ಬರೆದು ತಿಂಗಳು ಕಳೆಯುವವರೇ ಹೆಚ್ಚು. ಕಮಿಷನ್ನಿನ ನಕ್ಷೆಯಲ್ಲಿ ನಿಮ್ಮ ಮನೆಯ ಬಳಿಯ ಬಾವಿಯ ಎಪಿಐ ಸಂಖ್ಯೆ (ಪ್ರತಿ ಬಾವಿಗಿರುವ ಗುರುತಿನ ಸಂಖ್ಯೆ) ತೆಗೆದುಕೊಳ್ಳಿ, ಫ್ರ್ಯಾಕ್‌ಫೋಕಸ್ ಜಾಲತಾಣದಲ್ಲಿ ಕಲ್ಲು ಸೀಳಿದ ದಿನಾಂಕಗಳನ್ನು ನೋಡಿ, ದೂರಿನಲ್ಲಿ ಎರಡನ್ನೂ ಬರೆಯಿರಿ. ಟಿಸಿಇಕ್ಯುಗೆ ಸಾರ್ವಜನಿಕ ಮಾಹಿತಿ ಕಾಯಿದೆಯಡಿ ಅರ್ಜಿ ಹಾಕುವಾಗ ವರದಿ ಕೇಳಬೇಡಿ. ಗಂಟೆವಾರು ಅಂಕಿಗಳು, ಅದೇ ಗಂಟೆಗಳ ಗಾಳಿಯ ದಿಕ್ಕು–ವೇಗ, ಪತ್ತೆ ಮಿತಿಗಳು, ಯಂತ್ರ ನಿಂತ ಗಂಟೆಗಳ ಪಟ್ಟಿ ಎಂದು ಬಿಡಿಸಿ ಕೇಳಿ. ಕೊಡದೆ ಇರಬೇಕೆಂದರೆ ಹತ್ತು ಕೆಲಸದ ದಿನದೊಳಗೆ ಅವರು ಅಟಾರ್ನಿ ಜನರಲ್ ಬಳಿಗೆ ಹೋಗಬೇಕಾಗುತ್ತದೆ.

ಡೆಂಟನ್ 2014ರ ನವೆಂಬರಿನಲ್ಲಿ ಮತ ಹಾಕಿ ಊರೊಳಗೆ ಕಲ್ಲು ಸೀಳುವುದಕ್ಕೆ ನಿಷೇಧ ತಂದಿತು. 2015ರ ಎಚ್‌ಬಿ 40 ಕಾಯಿದೆ ಊರುಗಳಿಂದ ಆ ಅಧಿಕಾರ ಕಿತ್ತುಕೊಂಡಿತು. ಆದ್ದರಿಂದ ಸಿಟಿ ಕೌನ್ಸಿಲ್ ಸಭೆಯಲ್ಲಿ ನಿಮಗೆ ಸಿಗುವ ಮೂರು ನಿಮಿಷವನ್ನು ‘ಬಾವಿ ಬೇಡ’ ಎಂಬುದಕ್ಕೆ ಖರ್ಚು ಮಾಡಬೇಡಿ. ಕೊಲೊರಾಡೊ 2021ರಿಂದ ಹೊಸ ಬಾವಿಗಳಿಗೆ ವಿಧಿಸಿರುವುದನ್ನು ನಿಮ್ಮ ಊರಿಗೂ ಕೇಳಿ: ಕೊರೆಯುವ ಹತ್ತು ದಿನ ಮೊದಲಿನಿಂದ ಉತ್ಪಾದನೆಯ ಮೊದಲ ಆರು ತಿಂಗಳವರೆಗೆ ಬಿಡದೆ ಗಾಳಿ ಅಳೆಯುವುದು. ಅಂಗಳದ ನಾಲ್ಕೂ ಬದಿಗೆ ಮಾಪಕ, ಏರಿದಾಗ ತಾನೇ ತೆರೆದುಕೊಳ್ಳುವ ಕ್ಯಾನಿಸ್ಟರ್, ಖರ್ಚು ಕಂಪನಿಯದು, ಅಂಕಿಗಳು ಅದೇ ದಿನ ಎಲ್ಲರಿಗೂ ಕಾಣುವಂತೆ ಎಂಬುದನ್ನೂ ಜೊತೆಗೆ ಸೇರಿಸಿ. ಮೊದಲ ಹತ್ತು ದಿನದ ಅಳತೆಯನ್ನು ಬಿಟ್ಟುಕೊಡಬೇಡಿ. ಬಾವಿ ಬರುವ ಮುಂಚಿನ ಅಂಕಿ ಇಲ್ಲದಿದ್ದರೆ ಆಮೇಲೆ ಸಿಕ್ಕ ಪ್ರತಿಯೊಂದಕ್ಕೂ ‘ಇಲ್ಲಿನ ಗಾಳಿ ಮೊದಲೂ ಹೀಗೇ ಇತ್ತು’ ಎಂಬ ಉತ್ತರ ತಯಾರಿರುತ್ತದೆ.

ಇಂತಿ,
ಗಾಳಿ ಅಳತೆಯ ಕೆಲಸ ಬಲ್ಲ ಕೆಲವು ಕನ್ನಡಿಗರು